ದಲ್ಲಾಳಿ ಪಿಳ್ಳಪ್ಪನ ಅಪೀಲು

ಚಿಂತಾಮಣಿಯ ದನದ ಸಂತೆಯಲ್ಲಿ ಪಿಳ್ಳಪ್ಪನ ಬಾಯಿ ಮುಚ್ಚುತ್ತಿದ್ದುದು ವ್ಯಾಪಾರದ ಹೊತ್ತಿನಲ್ಲಿ ಮಾತ್ರ. ಮಿಕ್ಕಂತೆ ಕನ್ನಡ, ತೆಲುಗು ಎರಡರಲ್ಲೂ ಪಟಪಟ. ದಲ್ಲಾಳಿಗಳ ವ್ಯಾಪಾರವೆಲ್ಲ ಟವೆಲಿನ ಮರೆಯಲ್ಲಿ. ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು, ಒತ್ತಿ, ಎತ್ತಿನ ಬೆಲೆ ತಿಳಿಸುವುದು. ಸುತ್ತ ನಿಂತವರಿಗೆ ಕಾಣುವುದು ಎರಡು ಗಂಭೀರ ಮುಖಗಳಷ್ಟೇ.

ಐವತ್ತರ ದಶಕದ ಕೊನೆಯಲ್ಲಿ ಈ ಪಿಳ್ಳಪ್ಪ ನನ್ನ ಕಕ್ಷಿದಾರನಾಗಿ ಬಂದ. ನಾನು ಕರಿ ಕೋಟು ಹೊಲಿಸಿ ಇನ್ನೂ ವರ್ಷವಾಗಿರಲಿಲ್ಲ. ಎತ್ತು ಮಾರಲು ಬಂದಿದ್ದ ಕೈವಾರದ ರೈತ ವೆಂಕಟರಾಯಪ್ಪನ ಬೆರಳನ್ನು ಟವೆಲಿನೊಳಗೆ ತಿರುಚಿ ಉಳುಕಿಸಿದನೆಂದು ಮ್ಯಾಜಿಸ್ಟ್ರೇಟರು ಅವನಿಗೆ ಎರಡು ತಿಂಗಳ ಸಜೆ ಹಾಕಿದ್ದರು.

“ಜೈಲಿಗೇನು ಸ್ವಾಮಿ, ಮುದ್ದೆ ಹಾಕ್ತಾರೆ, ಹೋಗಿ ಬರ್ತೀನಿ. ಬೆರಳು ಮುರಿಯೋನು ಅಂತ ಹೆಸರು ಬಂತಲ್ಲ! ಇನ್ನು ನನ್ನ ಟವೆಲ್‌ಗೆ ಯಾವನು ಕೈ ಇಕ್ತಾನೆ?”

ಕೋಲಾರದ ಸೆಷನ್ಸ್ ಕೋರ್ಟಿನಲ್ಲಿ ಅದು ನನ್ನ ಮೊದಲ ಅಪೀಲು. ತಿರುಚಿದನೋ, ಜಗ್ಗಾಟದಲ್ಲಿ ಉಳುಕಿತೋ ಎಂದು ವೆಂಕಟರಾಯಪ್ಪನೇ ಕೆಳಗಿನ ಕೋರ್ಟಿನ ಪಾಟಿ ಸವಾಲಿನಲ್ಲಿ ತಡವರಿಸಿದ್ದ. ಆದರೆ ಮೂವರು ಸಾಕ್ಷಿಗಳು ತಿರುಚಿದ್ದನ್ನು ಕಣ್ಣಾರೆ ಕಂಡೆವೆಂದಿದ್ದರು. “ಟವೆಲಿನೊಳಗೆ ಕಾಣುವುದು ಹೇಗೆ ಸ್ವಾಮಿ?” ಎಂದು ನಾನು ಕೇಳಿದೆ. ಜಡ್ಜರಿಗೆ ಕುತೂಹಲ ಹುಟ್ಟಿತು. ನನ್ನ ಕೈ, ಪಿಳ್ಳಪ್ಪನ ಕೈ ಎರಡನ್ನೂ ಅವನ ಟವೆಲಿನಿಂದಲೇ ಮುಚ್ಚಿಸಿ, ಒಳಗೇನು ನಡೆಯುತ್ತಿದೆ ಹೇಳಿ ಎಂದು ಸರ್ಕಾರಿ ವಕೀಲರನ್ನು ಕೇಳಿದರು. ಅವರು ಕನ್ನಡಕ ಏರಿಸಿದರು, ಇಳಿಸಿದರು, ಮತ್ತೆ ಏರಿಸಿದರು. ಅಷ್ಟರಲ್ಲಿ ಈ ಪುಣ್ಯಾತ್ಮ ನನ್ನ ಅಂಗೈಗೆ ಕಚಗುಳಿ ಇಡಬೇಕೆ! ನಾನು ಕಿಸಕ್ಕನೆ ನಕ್ಕೆ. ಜಡ್ಜರೂ ನಕ್ಕರು. ಸಜೆ ರದ್ದಾಯಿತು.

ಬಸ್ಸಿನಲ್ಲಿ ನಾನು ಬೀಗುತ್ತ ಕುಳಿತಿದ್ದೆ. ಪಿಳ್ಳಪ್ಪ ಮೆಲ್ಲಗೆ, “ತಿರುಚಿದ್ದು ನಿಜ ಸ್ವಾಮಿ. ಅವನು ಕುಂಟೆತ್ತನ್ನ ಯಾವನೋ ಬಡವನ ಕತ್ತಿಗೆ ಕಟ್ಟೋಕೆ ನೋಡ್ದ, ರೇಗೋಯ್ತು” ಎಂದ. ನನ್ನ ಜಂಬ ಜರ್ರನೆ ಇಳಿಯಿತು.

“ಕೋರ್ಟು ಬಿಡ್ತು. ಅವನೂ ಬಿಡಬೇಕಲ್ಲ!” ಎಂದು, ಚಿಂತಾಮಣಿಯಲ್ಲಿ ಇಳಿದವನೇ ಆ ಹಳೇ ಉಳುಕಿಗೆ ತಿಕ್ಕಲೆಂದು ಒಂದು ಸೀಸೆ ಹರಳೆಣ್ಣೆ ಕೊಂಡು ಕೈವಾರದ ಬಸ್ಸು ಹತ್ತಿದ. ಅಲ್ಲಿ ಏನಾಯಿತೆಂದು ಅವನು ಕೊನೆಗೂ ಹೇಳಲಿಲ್ಲ.

ಪಿಳ್ಳಪ್ಪ ತೀರಿಹೋಗಿ ಬಹಳ ವರ್ಷವಾಯಿತು. ಅವನನ್ನು ನೆನೆದರೆ ನನಗೆ ಕೋರ್ಟಿಗಿಂತ ಅಪೀಲಿನ ಮುಂದಿನ ವಾರದ ಸಂತೆಯೇ ಕಣ್ಣಿಗೆ ಕಟ್ಟುತ್ತದೆ. ಟವೆಲ್ ಹಿಡಿದು ನಿಂತವನ ಹತ್ತಿರ ಮಧ್ಯಾಹ್ನವಾದರೂ ಯಾರೂ ಸುಳಿದಿರಲಿಲ್ಲ. ನೋಡಿ ನನಗೇ ಅಳು ಬಂತು. ಆಗ ವೆಂಕಟರಾಯಪ್ಪ ಒಂದು ಹೋರಿ ಹಿಡಿದುಕೊಂಡು ನೇರ ಅವನೆದುರಿಗೆ ಬಂದ.

“ಏಮಯ್ಯಾ ಪಿಳ್ಳಪ್ಪ, ಈ ಸಲ ಮೆಲ್ಲಗೆ ಹಿಡಿ” ಎಂದು ಎಲ್ಲರೆದುರು ಕೈ ಒಳಗಿಟ್ಟ. ಅವನ ಹಿಂದೆ ಇನ್ನೂ ನಾಲ್ಕು ಜನ ಬಂದು ನಿಂತರು.