ಮೋಟಾರು ಚಾಲೂ ಮಾಡಿದ್ದು ಯಾರು?

ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ಹೆಂಗಸೊಬ್ಬರು ಮದ್ದೂರಿನ ನಮ್ಮ ಶೆಡ್ಡಿಗೆ ಬಂದು, ಟವೆಲ್ಲಿನಲ್ಲಿ ಸುತ್ತಿದ್ದ ಗಂಟೊಂದನ್ನು ನನ್ನ ಮೇಜಿನ ಮೇಲಿಟ್ಟರು. ಬಿಚ್ಚಿದರೆ ನಾವೇ ಮಾಡಿದ ಮೋಟಾರ್ ಪೆಟ್ಟಿಗೆ. ಫೋನ್ ಮಾಡಿ ನೀರಿನ ಮೋಟಾರು ಓಡಿಸುತ್ತಾರಲ್ಲ, ಆ ಪೆಟ್ಟಿಗೆ.

“ಇದ್ರೊಳ್ಗೆ ಎಲ್ಲಾ ಬರ್ಕೊಂಡಿರ್ತದಂತಲ್ಲ ಮೇಡಮ್ಮೋರೆ. ಆವತ್ತು ನಾನು ಒತ್ತುದ್ನೋ ಇಲ್ವೋ, ಇದ್ನ ಕೇಳಿ ಏಳಿ.”

ಪೆಟ್ಟಿಗೆ ಕೆಟ್ಟಿದೆ ಅಂತ ಬಂದವರನ್ನು ನೋಡಿದ್ದೇನೆ. ಬೈಯಲೆಂದೇ ಬಂದವರನ್ನೂ ನೋಡಿದ್ದೇನೆ. ಪೆಟ್ಟಿಗೆಯ ಕೈಲಿ ಸಾಕ್ಷಿ ಹೇಳಿಸಲು ಬಂದವರು ಇವರೊಬ್ಬರೇ.

ಹೆಸರು ಚಿಕ್ಕತಾಯಮ್ಮ. ಹಲಗೂರಿನಲ್ಲಿ ಬಸ್ಸಿಳಿದು ಮುಕ್ಕಾಲು ಗಂಟೆ ನಡೆದರೆ ಅವರ ಊರು. ಹಳ್ಳದ ಪಕ್ಕ ಹಿಪ್ಪುನೇರಳೆ ತೋಟ, ನೀರೆತ್ತಲು ಒಂದು ಪಂಪು. ಅವರ ಕತೆ ಹೇಳುವ ಮುಂಚೆ ನನ್ನ ಕಸುಬಿನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಈ ಅಂಕಣದಲ್ಲಿ ಬಸ್ಸಿನ ಜಗಳ, ಮದುವೆ ಊಟ, ಬೀದಿ ನಾಯಿ ಎಲ್ಲ ಬಂದಿವೆ, ನನ್ನ ಕಸುಬು ಬಂದಿಲ್ಲ. ಕೇಳುವವರಿಗೆ ಬೋರು ಹೊಡೆಸುವ ಕಸುಬು, ಇವತ್ತೊಂದು ದಿನ ಸಹಿಸಿಕೊಳ್ಳಿ.

ನಾನು ಬರೆಯುವುದಕ್ಕೆ ರೀಸೆಟ್ ಡ್ರೈವರ್ ಅನ್ನುತ್ತಾರೆ. (ನಮ್ಮ ದೊಡ್ಡಕ್ಕ ಇವತ್ತಿಗೂ ಅದು ಯಾವುದೋ ಗಾಡಿಯ ವಿಷಯ ಅಂದುಕೊಂಡಿದ್ದಾಳೆ.) ಪೆಟ್ಟಿಗೆಯೊಳಗೆ ಉಗುರಿನಷ್ಟಗಲದ ಒಂದು ಪ್ರೊಸೆಸರ್ ಇರುತ್ತದೆ. ವೋಲ್ಟೇಜು ಕುಸಿದರೆ ಅದು ಒಂದು ಕ್ಷಣ ಪ್ರಜ್ಞೆ ತಪ್ಪಿ ಮತ್ತೆ ಎದ್ದು ಕೂರುತ್ತದೆ. ಅದೇ ರೀಸೆಟ್. ಎದ್ದ ಮೇಲೆ ಏನು ಮಾಡಬೇಕು? ಯಾಕೆ ಬಿದ್ದೆ ಅಂತ ನೋಡಿಕೊಳ್ಳಬೇಕಾ, ಬೀಳುವ ಮುಂಚೆ ಏನು ಮಾಡುತ್ತಿದ್ದೆ ಅಂತ ನೆನಪು ಮಾಡಿಕೊಳ್ಳಬೇಕಾ? ಅದನ್ನು ಹೇಳಿಕೊಡುವ ಪುಟ್ಟ ಪ್ರೋಗ್ರಾಮು ನಾನು ಬರೆಯುವುದು. ಎರಡು ಪುಟವೂ ಆಗುವುದಿಲ್ಲ.

ನಮ್ಮ ಕಡೆಯ ರೈತರು ಮೊದಲಿಂದ ಕೇಳಿದ್ದು ಒಂದೇ. ಕರೆಂಟು ಹೋಗಿ ಬಂದರೆ ಮೋಟಾರು ತಾನೇ ಚಾಲೂ ಆಗಬೇಕು. ಕರೆಂಟು ಹುಟ್ಟುವ ಬ್ಲಫ್ ವಿದ್ಯುತ್ ಕೇಂದ್ರ ಹಲಗೂರಿಗೆ ನೆರೆಮನೆ ಇದ್ದ ಹಾಗೆ, ಆದರೂ ತ್ರೀಫೇಸ್ ಬರುವುದು ಊರೂರಿಗೆ ಸರದಿ ಹಾಕಿದ ಬ್ಯಾಚಿನ ಪ್ರಕಾರವೇ. ಬಂದಷ್ಟು ಹೊತ್ತಿನಲ್ಲಿ ನೀರು ಹಾಯಿಸಿಕೊಳ್ಳಬೇಕು. ಪ್ರತಿ ಸಲ ಯಾರು ತೋಟಕ್ಕೆ ಓಡುತ್ತಾರೆ? ಹಾಗಾಗಿ ನಾನು ಬರೆದೆ: ಎದ್ದ ಮೇಲೆ ನೆನಪು ನೋಡು. ಬೀಳುವ ಮುಂಚೆ ಮೋಟಾರು ಓಡುತ್ತಿದ್ದರೆ, ಮೂರು ಫೇಸೂ ಸರಿಯಿದೆಯಾ ಅಂತ ಅರ್ಧ ನಿಮಿಷ ನೋಡಿ ಮತ್ತೆ ಓಡಿಸು. ಮೋಟಾರು ಹೇಗೇ ಚಾಲೂ ಆದರೂ ಯಜಮಾನನ ಫೋನಿಗೆ ‘ಮೋಟಾರ್ ಆನ್ ಆಗಿದೆ’ ಅಂತ ಮೆಸೇಜು ಕಳಿಸು. ಎಲ್ಲರೂ ಮೆಚ್ಚಿಕೊಂಡರು. ನಾನೂ ಬೀಗಿದೆ.

ಈಗ ಚಿಕ್ಕತಾಯಮ್ಮನ ವಿಷಯಕ್ಕೆ ಬರುತ್ತೇನೆ.

ಪಂಪು ಗಡಗಡ ಸದ್ದು ಮಾಡುತ್ತಿತ್ತು. ಮಳವಳ್ಳಿಯಿಂದ ಮೆಕ್ಯಾನಿಕ್ ಮುನೀರ್ ಬಂದರು. ಆ ಸೀಮೆಯ ಅರ್ಧ ಮೋಟಾರುಗಳು ಅವರ ಕೈ ಕಂಡಿವೆ. ಚಿಕ್ಕತಾಯಮ್ಮನ ಗಂಡ ಪುಟ್ಟಸ್ವಾಮಿ ಮಂಡ್ಯಕ್ಕೆ ಹೋಗಿದ್ದರು. ಮುನೀರ್ “ಅಕ್ಕಾ, ಮೋಟ್ರು ನಿಲ್ಸಿ” ಅಂದರು. ಆಕೆ ಪೆಟ್ಟಿಗೆಗೆ ಫೋನ್ ಮಾಡಿ ಎರಡು ಒತ್ತಿದರು. (ಒಂದು ಒತ್ತಿದರೆ ಚಾಲೂ, ಎರಡು ಒತ್ತಿದರೆ ಬಂದ್.) ಮೋಟಾರು ನಿಂತಿತು. ಮುನೀರ್ ಮೋಟಾರಿಗೂ ಪಂಪಿಗೂ ನಡುವಿನ ಕಪ್ಲಿಂಗಿಗೆ ಕೈ ಹಾಕಿದರು. ಮೋಟಾರು ತಿರುಗಿತು. ಬಲಗೈಯ ಎರಡು ಬೆರಳು ಹೋದವು.

ಮಂಡ್ಯದಲ್ಲಿದ್ದ ಪುಟ್ಟಸ್ವಾಮಿಯ ಫೋನಿಗೆ ಆಗಲೇ ಮೆಸೇಜು ಬಂದಿತ್ತು. ಮೋಟಾರ್ ಆನ್ ಆಗಿದೆ. ಇನ್ನೇನು ಬೇಕು? ಆವತ್ತು ಕರೆಂಟು ಹೋಗಿರಲಿಲ್ಲ. ಫೋನು ಇದ್ದದ್ದು ಆಕೆಯ ಕೈಯಲ್ಲಿ. ಓದು ಬಾರದ ಹೆಂಗಸು, ಎರಡು ಒತ್ತಿದ ಮೇಲೆ ಒಂದನ್ನೂ ಒತ್ತಿದ್ದಾಳೆ ಅಂತ ಊರು ತೀರ್ಮಾನ ಮಾಡಿತು. ಗಂಡ ಫೋನು ಕಿತ್ತುಕೊಂಡರು, ಪೆಟ್ಟಿಗೆ ಬಿಚ್ಚಿಸಿ ಮೂಲೆಗೆಸೆದರು. ತೋಟದ ಕಡೆ ಹೋದರೆ “ಯಾವ್ದುನ್ನೂ ಮುಟ್ಬ್ಯಾಡ ಕಣಮ್ಮ” ಅನ್ನುವವರೇ ಎಲ್ಲರೂ.

ಮುನೀರ್ ಮಾತ್ರ ಬೈಯಲಿಲ್ಲ. ಆಸ್ಪತ್ರೆಯಲ್ಲಿ ಮಲಗಿಕೊಂಡೇ, “ಓಗ್ಲಿ ಬುಡಿ, ಅಕ್ಕ ಏನ್ ಬೇಕೂಂತ ಒತ್ತುದ್ರಾ” ಅಂದರಂತೆ. ಆಕೆಯನ್ನು ಕೊಂದದ್ದು ಆ ಮಾತು. ಬೈದರೆ ತಿರುಗಿ ಬೈಯಬಹುದು. ಮಾಡದ ತಪ್ಪನ್ನು ಕ್ಷಮಿಸಿಬಿಟ್ಟರೆ ಯಾರ ಜೊತೆ ಜಗಳ ಆಡುವುದು?

“ಈಗೀಗ ನಂಗೇ ಅನ್ಮಾನ ಮೇಡಮ್ಮೋರೆ” ಅಂದರು, ಬಲಗೈಯ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು. “ಈ ಬೆಳ್ಳು ನೋಡ್ಕಂಡು ಕೂತ್ಕತೀನಿ. ಇದೇ ಒತ್ಬುಡ್ತೇನೋ ಅಂತ.”

ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದೆ. ಏನೂ ಇರಲಿಲ್ಲ. ಯಾಕೆ ಇರಲಿಲ್ಲ ಅನ್ನುವುದೂ ನನಗೆ ಗೊತ್ತಿತ್ತು. ಪ್ರೊಸೆಸರ್ ಯಾವ ಕಾರಣಕ್ಕೆ ಬಿತ್ತು ಅನ್ನುವುದು ಅದರೊಳಗೇ ಒಂದು ಕಡೆ ತಾನಾಗಿ ಗುರುತಾಗಿರುತ್ತದೆ. ಎದ್ದ ಕೂಡಲೇ ಅದನ್ನು ಓದಿ, ಬೇರೆ ಕಡೆ ಬರೆದಿಟ್ಟುಕೊಂಡು, ಆಮೇಲೆ ಅಳಿಸಬೇಕು. ನಾನು ಓದದೇ ಅಳಿಸುತ್ತಿದ್ದೆ. ನನ್ನ ಡ್ರೈವರಿನ ಮೊದಲ ಸಾಲೇ ಅದು. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುತ್ತೇವಲ್ಲ, ಹಾಗೆ ತೊಳೆದು ಶುರು ಮಾಡೋಣ ಅಂತ ಯಾವತ್ತೋ ಅವಸರದಲ್ಲಿ ಬರೆದದ್ದು. ಆಮೇಲೆ ತಿರುಗಿ ನೋಡಿರಲಿಲ್ಲ.

ಅಷ್ಟು ಗೊತ್ತಿದ್ದೂ ಆಕೆಗೆ ಏನು ಹೇಳಿದೆ?

“ಕರೆಂಟ್ ಹೋಗಿಲ್ಲ ಅಂದರೆ ಪೆಟ್ಟಿಗೆ ತಾನಾಗಿ ಆನ್ ಆಗಲ್ಲಮ್ಮ. ಯಾರಾದರೂ ಒತ್ತಿರಲೇಬೇಕು.”

ನನ್ನ ಬರಹದ ಮೇಲೆ ನನಗೆ ಅಷ್ಟು ನಂಬಿಕೆ. ಆಕೆ ಟವೆಲ್ಲು ಮಡಚಿಕೊಂಡು, “ಅಂಗಾದ್ರೆ ನಾನೇ” ಅಂದು ಎದ್ದು ಹೋದರು. ಪೆಟ್ಟಿಗೆ ಮೇಜಿನ ಮೇಲೇ ಉಳಿಯಿತು.

ಆ ‘ಅಂಗಾದ್ರೆ ನಾನೇ’ ನನ್ನನ್ನು ಊಟ ಮಾಡಲು ಬಿಡಲಿಲ್ಲ. ಮಧ್ಯಾಹ್ನ ಪೆಟ್ಟಿಗೆಯನ್ನು ಶೆಡ್ಡಿನ ಮೋಟಾರಿಗೆ ಕಟ್ಟಿ ಓಡಿಸಿದೆ, ನಿಲ್ಲಿಸಿದೆ, ಕೈ ಸೋಲುವ ತನಕ. ಬಂಗಾರದಂಥ ಪೆಟ್ಟಿಗೆ, ಒಂದು ಸಲವೂ ತಪ್ಪಲಿಲ್ಲ. ಮರುದಿನ ಪ್ರೋಗ್ರಾಮು ತೆಗೆದು ಒಂದೊಂದೇ ಸಾಲು ಓದುತ್ತಾ ಹೋದೆ. ಬಂದ್ ಮಾಡುವ ಕಡೆ ಎರಡು ಸಾಲಿದ್ದವು. ಮೊದಲನೆಯದು: ಮೋಟಾರು ನಿಲ್ಲಿಸು. ಎರಡನೆಯದು: ನಿಲ್ಲಿಸಿದ್ದೇನೆ ಅಂತ ನೆನಪಿನಲ್ಲಿ ಬರೆದಿಡು.

ಆ ಎರಡು ಸಾಲಿನ ನಡುವೆಯೇ ಪ್ರೊಸೆಸರ್ ಪ್ರಜ್ಞೆ ತಪ್ಪಿದರೆ? ಮೋಟಾರು ನಿಂತಿರುತ್ತದೆ, ನೆನಪಿನಲ್ಲಿ ಇನ್ನೂ ಓಡುತ್ತಲೇ ಇರುತ್ತದೆ.

ಮೋಟಾರಿಗೆ ಕರೆಂಟು ಹಾಯಿಸುವ ನಮ್ಮ ಶೆಡ್ಡಿನ ಸ್ಟಾರ್ಟರು ಹೊಸದು. ತೋಟಗಳ ಸ್ಟಾರ್ಟರುಗಳು ಹಳೆಯವು, ನಿಲ್ಲುವಾಗ ಪೆಟ್ಟಿಗೆಗೆ ಕರೆಂಟಿನ ಒಂದು ಒದೆ ಕೊಟ್ಟೇ ನಿಲ್ಲುತ್ತವೆ; ಪ್ರೊಸೆಸರ್ ಪ್ರಜ್ಞೆ ತಪ್ಪಲು ಆ ಒದೆ ಸಾಕು. ಗುರುವಾರ ಪೆಟ್ಟಿಗೆಯನ್ನು ಚೀಲದಲ್ಲಿಟ್ಟುಕೊಂಡು ಹಲಗೂರಿನ ಬಸ್ಸು ಹತ್ತಿದೆ.

ವಿಷಯ ತಿಳಿದು ಮುನೀರ್ ಕೂಡ ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದರು, ಕೈಗೆ ಇನ್ನೂ ಬ್ಯಾಂಡೇಜು. ಅವರು ಹೇಳಿದ ಹಾಗೆ ಪುಟ್ಟಸ್ವಾಮಿ ಪೆಟ್ಟಿಗೆ ಕೂರಿಸಿದರು. “ಆಗಿದ್ದಾಗೋಯ್ತು ಮೇಡಂ, ಇದ್ಯಾಕ್ ಮತ್ತೆ ಕೆದುಕ್ತೀರಿ” ಅಂತ ಗೊಣಗಿಕೊಂಡೇ ಕೂರಿಸಿದರು. ಮುನೀರ್ ನಮ್ಮನ್ನೆಲ್ಲ ಪಂಪಿನಿಂದ ಹತ್ತು ಮಾರು ದೂರ ನಿಲ್ಲಿಸಿದರು. ಚಿಕ್ಕತಾಯಮ್ಮ ಇನ್ನೂ ದೂರದಲ್ಲಿ, ಬದುವಿನ ಮೇಲೆ ನಿಂತಿದ್ದರು.

ಒಂದು ಒತ್ತಿದೆ, ಓಡಿತು. ಎರಡು ಒತ್ತಿದೆ, ನಿಂತಿತು. ಎಂಟು ಸಲ ಹೀಗೇ, ಓಡಿದಾಗಲೆಲ್ಲ ಪುಟ್ಟಸ್ವಾಮಿಯ ಫೋನು ಟಿಣ್ ಅನ್ನುತ್ತಿತ್ತು. ಪುಟ್ಟಸ್ವಾಮಿ ಆಕಳಿಸಿದರು. ಒಂಬತ್ತನೇ ಸಲ ಎರಡು ಒತ್ತಿ, ಕರೆ ಕತ್ತರಿಸಿ, ಫೋನನ್ನು ತೊಟ್ಟಿಯ ಕಟ್ಟೆ ಮೇಲಿಟ್ಟು ಕೈಕಟ್ಟಿ ನಿಂತೆ. ಮೋಟಾರು ನಿಂತಿತು. ಪೆಟ್ಟಿಗೆಯ ದೀಪ ಒಮ್ಮೆ ಆರಿ ಹತ್ತಿತು. ಹಳ್ಳದ ನೀರಿನ ಸದ್ದು ಕೇಳುತ್ತಿತ್ತು. ಅರ್ಧ ನಿಮಿಷ ಅಷ್ಟು ಉದ್ದ ಇರುತ್ತದೆ ಅಂತ ಅದನ್ನು ಬರೆದ ನನಗೇ ಗೊತ್ತಿರಲಿಲ್ಲ.

ಮೋಟಾರು ಓಡತೊಡಗಿತು. ಪುಟ್ಟಸ್ವಾಮಿಯ ಜೇಬಿನಲ್ಲಿ ಫೋನು ಮತ್ತೆ ಟಿಣ್ ಅಂದಿತು. ತೆಗೆದು ನೋಡಿದರು. ಮೋಟಾರ್ ಆನ್ ಆಗಿದೆ.

ಚಿಕ್ಕತಾಯಮ್ಮ ಬದುವಿನಿಂದ ಇಳಿದು ಬಂದು ಗಂಡನ ಎದುರು ನಿಂತರು. “ಈಗ್ ಯಾರ್ ಒತ್ತುದ್ರು, ಏಳಿ.”

ಪುಟ್ಟಸ್ವಾಮಿ ಫೋನನ್ನು ಮತ್ತೆ ಜೇಬಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದು ನಿಂತರು. ಮುನೀರ್ ಎಡಗೈಯಲ್ಲಿ ಮೇನ್ ಆಫ್ ಮಾಡಿ, ಮೂರು ಫ್ಯೂಸೂ ಕಿತ್ತು ಜೇಬಿಗೆ ಹಾಕಿಕೊಂಡರು.

“ಮೂವತ್ ವರ್ಸ ಇಂಗೇ ಮಾಡಿವ್ನಿ” ಅಂದರು. “ನಮ್ಮಪ್ಪ ಕಲ್ಸಿದ್ದು. ಫ್ಯೂಸು ನಿನ್ ಜೋಬಲ್ಲಿದ್ರೆ ಯಾರ್ನೂ ನಂಬ್ಬೇಕಾಗಿಲ್ಲ ಅಂತಿದ್ರು. ಆವತ್ತೊಂದಿನ, ಫೋನಲ್ಲೇ ನಿಂತೋಯ್ತಲ್ಲ ಅಂತ ಬುಟ್ಬುಟ್ಟೆ.” ಆಮೇಲೆ ಚಿಕ್ಕತಾಯಮ್ಮನ ಕಡೆ ತಿರುಗಿ, “ಅಕ್ಕಾ, ನಾನೂ ನೀವೇ ಅನ್ಕಂಡಿದ್ದೆ” ಅಂದರು.

“ಗೊತ್ತು ಸಾಬ್ರೇ. ಅದ್ಕೇ ನಿಮ್ ಮಕ ನೋಡಕಾಯ್ತಿರ್ಲಿಲ್ಲ.”

ಇದನ್ನು ಬರೆದವಳು ನಾನು, ಎರಡು ಸಾಲು ಹಿಂದುಮುಂದಾಗಿದೆ, ಮೊದಲು ಬರೆದಿಟ್ಟು ಆಮೇಲೆ ನಿಲ್ಲಿಸಬೇಕಿತ್ತು ಅಂತ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಿಕ್ಕತಾಯಮ್ಮ ಮಾತ್ರ ಒಂದು ಕೇಳಿದರು.

“ಅದ್ನ ಒಂದ್ ಆಳೇಲಿ ಬರ್ದ್ಕೊಡಿ. ನಂಗ್ ಓದಕ್ ಬರಾಕಿಲ್ಲ, ಊರೋರ್ಗೆ ಬತ್ತದಲ್ಲ.”

ಈಗ ಪೆಟ್ಟಿಗೆಗಳನ್ನೆಲ್ಲ ಒಂದೊಂದಾಗಿ ವಾಪಸು ತರಿಸುತ್ತಿದ್ದೇವೆ. ಹೊಸ ಡ್ರೈವರು ಯಾಕೆ ಬಿದ್ದೆ ಅಂತ ಓದಿಕೊಳ್ಳದೆ ಏನನ್ನೂ ಅಳಿಸುವುದಿಲ್ಲ. ಬರೆದಿಟ್ಟ ಮೇಲೇ ನಿಲ್ಲಿಸುತ್ತದೆ. ಕರೆಂಟು ನಿಜವಾಗಿ ಹೋಗಿ ಬಂದಿದ್ದರಷ್ಟೇ ತಾನಾಗಿ ಓಡಿಸುತ್ತದೆ, ಓಡಿಸಿದ್ದು ಯಾರು ಅಂತ ಮೆಸೇಜಿನಲ್ಲೂ ಹೇಳುತ್ತದೆ. ಮುನೀರ್ ಅವರ ಬೆರಳಿಗೆ ಮಾತ್ರ ನನ್ನ ಹತ್ತಿರ ಯಾವ ಪ್ಯಾಚೂ ಇಲ್ಲ.

ನಾವೂ ಹಾಗೇ ಅಲ್ಲವೇ? ಏನಾದರೂ ಅನಾಹುತವಾದರೆ ಯಾಕಾಯಿತು ಅಂತ ನೋಡುವ ಮುಂಚೆ ಎಲ್ಲ ತೊಳೆದುಬಿಡುತ್ತೇವೆ. ಆಮೇಲೆ ಹತ್ತಿರದಲ್ಲಿ ಯಾರ ಕೈ ಇತ್ತು ಅಂತ ಹುಡುಕುತ್ತೇವೆ. ಹಾಲು ಉಕ್ಕಿದರೂ, ಮಗು ಬಿದ್ದರೂ, ಮೋಟಾರು ತಿರುಗಿದರೂ ಆ ಕೈ ಹೆಚ್ಚಾಗಿ ಮನೆಯ ಹೆಂಗಸಿನದೇ ಆಗಿರುತ್ತದೆ.

ಹಾಳೆಯ ವಿಷಯ ಉಳಿಯಿತು. ನಮ್ಮ ಶೆಡ್ಡಿನ ಯಜಮಾನರು ಕೆಟ್ಟವರಲ್ಲ. ಮುನೀರ್ ಅವರ ಮನೆಗೂ ಹೋಗಿ ಬಂದರು. ಆದರೆ ಹಾಳೆ ಅಂದಾಗ, “ಏನ್ ಬೇಕಾದರೂ ಮಾಡೋಣ, ಬರೆದು ಮಾತ್ರ ಕೊಡಬೇಡಿ” ಅಂದರು. ಎರಡು ವಾರ ಸುಮ್ಮನಿದ್ದೆ. ಮೊದಲು ಬರೆದಿಡಬೇಕು ಅನ್ನುವ ಪಾಠ ಕಲಿತವಳು ಎರಡು ವಾರ ಬರೆಯದೇ ಕೂತಿದ್ದೆ. ಮೊನ್ನೆ ಚಿಕ್ಕತಾಯಮ್ಮನಿಗೆ ಫೋನ್ ಮಾಡಿ (ಫೋನು ಈಗ ಅವರ ಕೈಗೆ ವಾಪಸು ಬಂದಿದೆ) ಪೇಪರಿನಲ್ಲಿ ಬರೆಯಲೇ ಅಂತ ಕೇಳಿದೆ. “ಬರೀರಿ, ನನ್ ಎಸ್ರು ಆಕೇ ಬರೀರಿ” ಅಂದರು.

ಅವರ ಊರಿನ ಹಾಲಿನ ಡೈರಿಗೆ ಈ ಪತ್ರಿಕೆ ಬರುತ್ತದೆ. ಶೆಡ್ಡಿನ ಯಜಮಾನರ ಮನೆಗೂ ಬರುತ್ತದೆ, ಇರಲಿ. ಡೈರಿಗೆ ಹಾಲು ಹಾಕಲು ಬಂದವರಲ್ಲಿ ಓದು ಬರುವ ಯಾರಾದರೂ ಒಬ್ಬರು ಮುಂದಿನ ಸಾಲನ್ನು ಎಲ್ಲರಿಗೂ ಕೇಳುವ ಹಾಗೆ ಓದಿ.

ಆವತ್ತು ಮೋಟಾರು ಚಾಲೂ ಮಾಡಿದ್ದು ಚಿಕ್ಕತಾಯಮ್ಮ ಅಲ್ಲ, ನಾನು.