ಬಿಷಪ್ಪರ ದಿನಚರಿಯಲ್ಲಿ ನನ್ನ ಅಜ್ಜಿ

ಅಪ್ಪ ಮೊಳಕಾಲ್ಮೂರಿನ ಪುಟ್ಟ ಚರ್ಚಿನಲ್ಲಿ ನಲವತ್ತು ವರ್ಷ ಉಪದೇಶಿಯಾಗಿದ್ದ. ಗುರುಗಳು ತಿಂಗಳಿಗೊಮ್ಮೆ ಬಂದು ಹೋಗುವವರು. ಉಳಿದ ಭಾನುವಾರಗಳ ಪ್ರಾರ್ಥನೆ ನಡೆಸುವುದು, ಕಾಯಿಲೆಯವರನ್ನು ನೋಡಿ ಬರುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲ ಅವನ ಪಾಲಿಗೇ. ಅಕ್ಕಪಕ್ಕದ ಮಗ್ಗದ ಮನೆಯವರು ತೆಲುಗಿನಲ್ಲಿ ಮಾತಾಡಿದರೆ ತೆಲುಗಿನಲ್ಲೇ ಉತ್ತರ ಕೊಡುತ್ತಿದ್ದ. ಇಂಗ್ಲಿಷ್ ಮಾತ್ರ ಅವನಿಗೆ ಬರುತ್ತಿರಲಿಲ್ಲ.

ಒಂದು ಕಾಲಕ್ಕೆ ನಮ್ಮ ಕಡೆಯ ಚರ್ಚುಗಳೆಲ್ಲ ಒಂದು ಆಂಗ್ಲಿಕನ್ ಡಯಾಸಿಸ್‌ಗೆ, ಎಂದರೆ ಇಂಗ್ಲೆಂಡಿನ ಸಭೆಯ ಒಬ್ಬ ಬಿಷಪ್ಪರ ಆಡಳಿತಕ್ಕೆ, ಸೇರಿದ್ದವು. ಗಡಿಯಾಚೆಯ ತೆಲುಗು ಊರುಗಳೂ ಅದರಲ್ಲೇ ಇದ್ದವು. ಸ್ವಾತಂತ್ರ್ಯ ಬಂದ ಕಾಲಕ್ಕೆ ಬೇರೆ ಬೇರೆ ಪಂಗಡದ ಕ್ರೈಸ್ತ ಸಭೆಗಳು ಒಂದಾದಾಗ ಆ ಡಯಾಸಿಸ್ಸನ್ನು ಹರಿದು ಹಂಚಿದರು, ಹೆಸರು ಕೂಡ ಉಳಿಯಲಿಲ್ಲ. ಆದರೆ ಅದರ ಐವರು ಬಿಷಪ್ಪರೂ ಅಪ್ಪನ ಬಾಯಲ್ಲಿ ಬದುಕಿದ್ದರು. ಪ್ಲೇಗಿನ ವರ್ಷ ಹೆಣಕ್ಕೆ ಹೆಗಲು ಕೊಟ್ಟವರು ಯಾರು, ಡಯಾಸಿಸ್ ಮುಚ್ಚಿದ ದಿನ ಮಕ್ಕಳ ಹಾಗೆ ಅತ್ತವರು ಯಾರು ಎಂದು ನಿನ್ನೆ ಮೊನ್ನೆ ಕಂಡವರಂತೆ ಹೇಳುತ್ತಿದ್ದ. ಮೊದಲನೆಯವರ ಮೇಲಂತೂ ಅವನಿಗೆ ವಿಪರೀತ ಭಕ್ತಿ. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿನ ದೊಡ್ಡ ಬರದಲ್ಲಿ ಅವರು ಚಳ್ಳಕೆರೆಯ ಹೊರಗಿನ ಬಂಗಲೆಯಲ್ಲಿ ಅನಾಥ ಮಕ್ಕಳಿಗೆ ಗಂಜಿ ಹಾಕಿ ಸಾಕಿದ್ದರು. ಆ ಮಕ್ಕಳಲ್ಲಿ ಅಪ್ಪನ ತಾಯಿ, ನನ್ನ ಅಜ್ಜಿಯೂ ಒಬ್ಬಳು.

"ಆ ದೊರೆ ಇಲ್ದಿದ್ರೆ ನಾನೂ ಇಲ್ಲ, ನೀನೂ ಇಲ್ಲ" ಎನ್ನುತ್ತಿದ್ದ ಅಪ್ಪ.

ತೊಂಬತ್ತರ ದಶಕದ ಕೊನೆಗೆ ಚಳ್ಳಕೆರೆಯ ಸಭೆಯ ಹಿರಿಯರು ಆ ಹಳೆಯ ಡಯಾಸಿಸ್ಸಿನದೂ ಅದರ ಬಿಷಪ್ಪರದೂ ಚರಿತ್ರೆ ಬರೆದುಕೊಡು ಎಂದು ಅಪ್ಪನನ್ನು ಕೇಳಿದರು. ಅಪ್ಪನಿಗೆ ಎಪ್ಪತ್ತು ದಾಟಿತ್ತು. ನಾನು ಚಳ್ಳಕೆರೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ಚರ್ಚಿನ ಬೀರುವಿನಲ್ಲಿದ್ದ ಇಂಗ್ಲಿಷ್ ಕಾಗದಪತ್ರಗಳನ್ನು ನಾನು ಓದಿ ಹೇಳುವುದು, ಅಪ್ಪ ಬರೆದುಕೊಳ್ಳುವುದು ಎಂದಾಯಿತು. ಅವನು ನಮ್ಮ ಮನೆಗೇ ಬಂದು ಉಳಿದ. ಗೆದ್ದಲು ತಿಂದ ರಿಜಿಸ್ಟರುಗಳ ನಡುವೆ ಮೊದಲ ಬಿಷಪ್ಪರ ದಿನಚರಿಯೂ ಸಿಕ್ಕಿತು. ಅದನ್ನು ಮುಟ್ಟುವ ಮುಂಚೆ ಅಪ್ಪ ಕೈತೊಳೆದು ಬಂದ.

ಒಂದು ಶನಿವಾರ ಮಧ್ಯಾಹ್ನ ಓದುತ್ತಿದ್ದೆ. ಮೊದಲು ಅಜ್ಜಿಯ ದೀಕ್ಷಾಸ್ನಾನದ ಸಂಗತಿ ಬಂತು. ಅವಳಿಗೊಬ್ಬಳು ತಂಗಿಯಿದ್ದಳೆಂದು ನಮಗೆ ಗೊತ್ತಾದದ್ದೇ ಆಗ. ಅಪ್ಪ ಖುಷಿಯಿಂದ ಬರೆದುಕೊಂಡ. ಪುಟ ತಿರುಗಿಸಿದೆ. ಮಳೆ ಬಿದ್ದ ಮೇಲೆ ಆ ಇಬ್ಬರು ಹುಡುಗಿಯರ ತಂದೆ ಬಂದನೆಂದು ಬರೆದಿತ್ತು. ದೊಡ್ಡಉಳ್ಳಾರ್ತಿ ಕಡೆಯ ಕುರಿ ಕಾಯುವವನು. ಮಕ್ಕಳು ಸಾಯಬಾರದೆಂದು ಬಿಟ್ಟು ಹೋಗಿದ್ದೆ, ಈಗ ಕೊಡಿ ಎಂದು ಗೇಟಿನ ಮುಂದೆ ಮೂರು ದಿನ ಕೂತಿದ್ದ. ಕ್ರಿಸ್ತನಿಗೆ ಒಪ್ಪಿಸಿದ ಆತ್ಮಗಳನ್ನು ವಿಗ್ರಹಗಳಿಗೆ ಹಿಂದಿರುಗಿಸಲಾರೆನೆಂದು ಬಿಷಪ್ಪರು ಅವನನ್ನು ಕಳಿಸಿಬಿಟ್ಟರು. ತಂದೆ ಸತ್ತನೆಂದು ಮಕ್ಕಳಿಗೆ ತಿಳಿಸಲಾಯಿತು. ಮುಂದಿನ ವಾರ ಚಿಕ್ಕವಳು ಜ್ವರ ಬಂದು ತೀರಿಕೊಂಡಳು.

"ಯಾಕವ್ವ ನಿಂತೆ?" ಅಪ್ಪ ಕೇಳಿದ.

"ಅಕ್ಷರ ಕೂಡ್ತಿಲ್ಲಪ್ಪ. ಗೆದ್ದಲು ತಿಂದೈತೆ."

ಆ ಪುಟಕ್ಕೆ ಗೆದ್ದಲು ಮುಟ್ಟಿರಲೇ ಇಲ್ಲ. ಒಂಬತ್ತು ದಿನ ಆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ. ಅಪ್ಪ ಅಷ್ಟರಲ್ಲಿ 'ಅನಾಥರ ತಂದೆ' ಎಂಬ ಅಧ್ಯಾಯ ಬರೆದು, ಓದು ಎಂದು ನನ್ನ ಮುಂದಿಟ್ಟ. ನಾಲ್ಕು ಸಾಲು ಓದುವಷ್ಟರಲ್ಲಿ ನನಗೆ ಅಳು ಬಂತು. ಎಲ್ಲವನ್ನೂ ಹೇಳಿಬಿಟ್ಟೆ.

ಅಪ್ಪ ಅಳಲಿಲ್ಲ. "ಇನ್ನೊಂದ್ಸಲ ಓದು" ಎಂದ. ಓದಿದೆ. "ಮೂರು ದಿನ ಅಂತ ಬರ್ದೈತಾ?" ಎಂದು ಕೇಳಿದ. ಹೌದೆಂದೆ. ನನ್ನ ಮುಂದಿದ್ದ ಅಧ್ಯಾಯದ ಹಾಳೆಗಳನ್ನು ತನ್ನ ಕಡೆಗೆ ಎಳೆದುಕೊಂಡು, "ನಮ್ಮವ್ವ ಸಾಯೋ ಮಟ ಆ ದೊರೆ ಹೆಸರಲ್ಲಿ ಪ್ರಾರ್ಥನೆ ಮಾಡಿದ್ಳು" ಎಂದ. ಆ ದಿನ ಊಟ ಮಾಡಲಿಲ್ಲ.

ಮುಂದಿನ ವಾರ ಇಬ್ಬರೂ ಬಸ್ಸು ಹತ್ತಿ ದೊಡ್ಡಉಳ್ಳಾರ್ತಿಗೆ ಹೋದೆವು. ನೂರು ವರ್ಷದ ಹಿಂದಿನದನ್ನು ಯಾರನ್ನು ಕೇಳುವುದು? ಕೇಳಿದವರೆಲ್ಲ ತಲೆಯಾಡಿಸಿದರು. ಕೊನೆಗೆ ಒಬ್ಬರು ಕುರಿ ಮೇಯುವ ಕಾವಲಿನ ಅಂಚಿನ ಮನೆಯೊಂದನ್ನು ತೋರಿಸಿದರು. ಅಲ್ಲೊಬ್ಬ ಮುದುಕಿ ಬಿಸಿಲಿಗೆ ಕಾಲು ಚಾಚಿ ಉಣ್ಣೆ ಬಿಡಿಸುತ್ತಿದ್ದಳು. ಅಪ್ಪ ವಿಷಯ ಹೇಳಿದ.

"ನಮ್ಮ ಮಾವನೋರು ಹೇಳೋರು" ಎಂದಳು ಮುದುಕಿ. "ಅವರ ದೊಡ್ಡಪ್ಪ ಒಬ್ಬ, ಬರದಾಗೆ ಎರಡು ಹೆಣ್ಣು ಕೂಸು ದೊರೆ ಹತ್ರ ಬಿಟ್ಟು ಬಳ್ಳಾರಿ ಕಡೀಗೆ ಕೂಲಿಗೆ ಹೋಗಿದ್ನಂತೆ. ತಿರುಗಿ ಬಂದ್ರೆ ಕೊಡ್ಲೇ ಇಲ್ವಂತೆ. ಈಗ್ಲೂ ನಮ್ಮೋರು ಚಳ್ಳಕೆರೆ ಸಂತೆಗೆ ಕುರಿ ಹೊಡಕಂಡು ಹೋದ್ರೆ ಆ ಬಂಗಲೆ ಮುಂದೆ ಹಾಯಲ್ಲ, ಸುತ್ತಾಕ್ಕಂಡು ಹೋಗ್ತಾರೆ. ಯಾಕಂತ ಈಗಿನ ಹುಡುಗ್ರಿಗೆ ಗೊತ್ತಿಲ್ಲ."

"ಆ ದೊಡ್ಡ ಹುಡುಗಿ ಮಗ ನಾನು" ಎಂದ ಅಪ್ಪ.

ಅವಳು ಕೈಯ ಉಣ್ಣೆ ಕೆಳಗಿಟ್ಟು ಅವನನ್ನೇ ನೋಡಿದಳು. ಅವನ ಬಿಳಿ ಅಂಗಿ, ಕೊರಳಿನ ಸಣ್ಣ ಶಿಲುಬೆ, ಮತ್ತೆ ಮುಖ. ಎದ್ದು ಒಳಗೆ ಹೋಗಿ ಮಜ್ಜಿಗೆ ತಂದಳು. ಅಪ್ಪ ಲೋಟ ಬಾಯಿಗಿಡುವಷ್ಟರಲ್ಲಿ ಅವಳ ಮಗ ಬಂದ. ಐವತ್ತರ ಆಸುಪಾಸಿನ ಗಟ್ಟಿ ಆಳು. ತಾಯಿ ಹೇಳಿದ್ದನ್ನೆಲ್ಲ ನಿಂತೇ ಕೇಳಿದ.

"ಇಷ್ಟು ವರ್ಷ ಇಲ್ದೋರು ಈಗ್ಯಾಕೆ ಬಂದ್ರಿ?" ಎಂದ. "ಜಮೀನಿನಾಗೆ ಪಾಲು ಕೇಳಾಕಾ?"

"ಪಾಲು ಬ್ಯಾಡಪ್ಪ. ಅವನು ಆಮ್ಯಾಲೆ ಏನಾದ ಅಂತ ತಿಳ್ಕಳಾಕೆ ಬಂದೆ."

"ಏನಾಗ್ತಾನೆ? ಸತ್ತ."

ಮುದುಕಿ "ಸುಮ್ನಿರಲೇ" ಎಂದು ಮಗನನ್ನು ಗದರಿದಳು. ಅಪ್ಪ ಮಜ್ಜಿಗೆಯನ್ನು ಪೂರ್ತಿ ಕುಡಿದು, ಇಬ್ಬರಿಗೂ ಕೈಮುಗಿದು ಹೊರಟ. ಬಸ್‌ಸ್ಟ್ಯಾಂಡಿನವರೆಗೂ ನನ್ನ ಭುಜ ಹಿಡಿದೇ ನಡೆದ. ಅದುವರೆಗೆ ಅಪ್ಪ ಯಾರ ಆಸರೆಯನ್ನೂ ಬೇಡಿದವನಲ್ಲ.

'ಅನಾಥರ ತಂದೆ' ಅಧ್ಯಾಯವನ್ನು ಅವನು ಹರಿಯಲಿಲ್ಲ. ಗಂಜಿ ಹಾಕಿದ್ದು ಸುಳ್ಳಲ್ಲವಲ್ಲ ಎಂದ. ಅದರ ಕೆಳಗೆ, ಗೇಟಿನ ಮುಂದೆ ಕೂತವನ ಕಥೆಯನ್ನು ಎರಡು ಪುಟ ಸೇರಿಸಿದ. ಸಭೆಯ ಹಿರಿಯರು ಓದಿ, ಇದು ಬೇಡ ಎಂದರು. "ನಮ್ಮನ್ನು ಕಂಡ್ರೆ ಆಗದೋರ ಕೈಗೆ ನಾವೇ ಕಲ್ಲು ಕೊಟ್ಟಂಗಾಗ್ತೈತೆ ಉಪದೇಶಿಗಳೇ" ಎಂದರು ಒಬ್ಬರು. ಮತಾಂತರದ ಹೆಸರಲ್ಲಿ ಅಲ್ಲಲ್ಲಿ ಚರ್ಚುಗಳ ಮೇಲೆ ದಾಳಿಯಾಗುತ್ತಿದ್ದ ಕಾಲ ಅದು, ಅವರ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಅಪ್ಪ ವಾದ ಮಾಡಲಿಲ್ಲ. "ಹಂಗಾದ್ರೆ ನನ್ನ ಹೆಸರೂ ತೆಗೀರಿ" ಎಂದಷ್ಟೇ ಹೇಳಿ ಎದ್ದು ಬಂದ.

ಆ ಎರಡು ಪುಟ ಬಿಟ್ಟು, ಐವರು ಬಿಷಪ್ಪರ ಫೋಟೋಗಳೊಂದಿಗೆ ಪುಸ್ತಕ ಬಂತು. ಅಪ್ಪ ಅದನ್ನು ಬಿಚ್ಚಿ ನೋಡಲಿಲ್ಲ. ಭಾನುವಾರ ಚರ್ಚಿಗೆ ಹೋಗುವುದನ್ನೇನೂ ಬಿಡಲಿಲ್ಲ, ಆದರೆ ಕಡೆಯ ಬೆಂಚಿನಲ್ಲಿ ಕೂರತೊಡಗಿದ. ಎರಡು ವರ್ಷವಾದ ಮೇಲೆ ಒಂದು ಬೆಳಗ್ಗೆ ಮೊಳಕಾಲ್ಮೂರಿನ ಮನೆಯಲ್ಲಿ ತೀರಿಕೊಂಡ. ಮಣ್ಣು ಮಾಡುವಾಗ ಗುರುಗಳು, ನಮ್ಮ ಹಳೆಯ ಡಯಾಸಿಸ್ಸಿನ ಚರಿತ್ರೆ ಬರೆದವರು ಎಂದು ಅವನನ್ನು ಹೊಗಳಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ.

ಆಮೇಲೆ ದಿನಚರಿಯ ಆ ಪುಟಗಳನ್ನು ಕನ್ನಡದಲ್ಲಿ ಬರೆದುಕೊಂಡು ಒಬ್ಬಳೇ ದೊಡ್ಡಉಳ್ಳಾರ್ತಿಗೆ ಹೋದೆ. ಮುದುಕಿ ಸತ್ತು ವರ್ಷವಾಗಿತ್ತು. ಮಗ ಕಟ್ಟೆಯ ಮೇಲೆ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಓದಿ ಮುಗಿಸಿ ಹಾಳೆಗಳನ್ನು ಮಡಚಿ ಜೇಬಿಗಿಟ್ಟುಕೊಂಡ.

"ಆ ಸಣ್ಣ ಕೂಸನ್ನ ಎಲ್ಲಿ ಮಣ್ಣು ಮಾಡಿದ್ರಂತಕ್ಕ?" ಎಂದು ಕೇಳಿದ.

ಅದನ್ನು ಬಿಷಪ್ಪರು ಬರೆದಿರಲಿಲ್ಲ. ಗೊತ್ತಿಲ್ಲ ಎಂದೆ.