ಸಡಿಲ ಬಿಟ್ಟ ಕೈ

ನನ್ನ ಬಲ ಹೆಗಲು ಹಿಡಿದುಕೊಂಡು ಎರಡು ತಿಂಗಳಾಯಿತು. ಫ್ರೋಜನ್ ಶೋಲ್ಡರ್ ಅಂತೆ. ಮನೆಗೆ ಬರುವ ಫಿಸಿಯೋಥೆರಪಿ ಹುಡುಗಿ ಮೊನ್ನೆ ತನ್ನ ಮುಲಾಮಿನ ಟ್ಯೂಬ್ ಮರೆತು ಬಂದಿದ್ದಳು. "ಎಳ್ಳೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡ್ಲಾ ಆಂಟಿ? ನಮ್ಮಜ್ಜಿ ಹಾಗೇ ಮಾಡೋರು" ಎಂದಳು. ಅಡುಗೆಮನೆಯಿಂದ ಆ ವಾಸನೆ ಬಂತು ನೋಡಿ… ನಾನು ಕೊಳ್ಳೇಗಾಲದ ನಮ್ಮ ಮನೆಯ ಜಗಲಿಯ ಮೇಲಿದ್ದೆ. ಎದುರು ಮನೆಯ ಪೈಲ್ವಾನ್ ಮಾವ ಹಾದುಹೋದರೆ ಬೀದಿಯಲ್ಲಿ ಇದೇ ವಾಸನೆ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು.

ಆರಡಿ ಆಳು, ಮುದುಡಿದ ಕಿವಿ, ದನಿ ಮಾತ್ರ ತುಂಬ ಮೆತ್ತಗೆ. ನಾನು ಮೈಸೂರಿನ ಕಾನ್ವೆಂಟ್ ಹಾಸ್ಟೆಲಿನಿಂದ ಹಾಲಿಡೇಸ್‌ಗೆ ಬಂದರೆ, "ಏನವ್ವಾ ಡಾಕ್ಟ್ರ ಮಗಳೇ, ಅಲ್ಲಿ ಮುದ್ದೆ ತಿಂತೀಯೋ, ಬರೀ ಇಂಗ್ಲಿಷ್ ತಿಂತೀಯೋ?" ಎನ್ನುವರು.

ಅವರಿಗೆ ಸಮಜೋಡಿ ಒಬ್ಬರೇ, ಯಳಂದೂರಿನ ಪೈಲ್ವಾನರು. ಹನೂರಿನಲ್ಲಿ ಒಮ್ಮೆ ಮಧ್ಯಾಹ್ನ ಹಿಡಿದ ಪಟ್ಟನ್ನು ಹೊತ್ತು ಮುಳುಗುವವರೆಗೂ ಇಬ್ಬರೂ ಬಿಡದೆ, ಕೊನೆಗೆ ಹಿರಿಯರೇ ಬಿಡಿಸಿ ಸಮ ಎಂದಿದ್ದರಂತೆ. ಇಬ್ಬರಲ್ಲಿ ಯಾರು ಮೇಲು ಎಂಬುದು ಎರಡು ಊರಿಗೂ ಮುಗಿಯದ ಮಾತು. ಪೈಲ್ವಾನ್ ಮಾವನಿಗೆ ಅದೊಂದು ತೀರ್ಮಾನವಾದರೆ ಸಾಕಿತ್ತು.

ಒಂದು ಬೇಸಿಗೆ ಹೊರಗಿನ ಕಂಟ್ರಾಕ್ಟರ್ ಒಬ್ಬ ನಮ್ಮೂರಲ್ಲಿ ಇವರಿಬ್ಬರ ಟಿಕೆಟ್ ಕುಸ್ತಿ ಇಟ್ಟ. ಮಣ್ಣಿನ ಬದಲು ಗಾದಿ, ರೌಂಡುಗಳು, ಗೋಡೆಗೆಲ್ಲ "ಹೆವಿವೇಯ್ಟ್" ಎಂಬ ಪೋಸ್ಟರು. ಅವನಿಂದ ಟೈಪ್ ಮಾಡಿದ ಇಂಗ್ಲಿಷ್ ಕಾಗದ ಬಂತು. ಮಾವ ಅದನ್ನು ಮಡಿಕೆ ಮುರಿಯದಂತೆ ಹಿಡಿದು ನಮ್ಮ ಜಗಲಿಗೆ ಬಂದರು, ಹಿಂದೆ ಆರೇಳು ಶಿಷ್ಯರು.

"ಅಣ್ಣಂಗೆ ಬಿರುದೇ ಕೊಟ್ಟವ್ರೆ ಕಣ್ಲಾ, ಕಾಗ್ದ ನೋಡು ಎಂಗ್ ಗರಿಗರಿಯಾಗದೆ!"

"ಸುಮ್ಕಿರ್ಲಾ. ಓದವ್ವ ತಾಯಿ."

ಮೂರನೆಯ ರೌಂಡಿನಲ್ಲಿ ನೀವು ಬೀಳತಕ್ಕದ್ದು, ಎದುರಾಳಿಗೂ ತಿಳಿಸಲಾಗಿದೆ, ಮೈಸೂರಿನ ಮುಂದಿನ ಪಂದ್ಯದಲ್ಲಿ ಗೆಲುವು ನಿಮಗೆ… ಇಷ್ಟೇ ಅದರಲ್ಲಿ ಇದ್ದದ್ದು. ನನಗೆ ಹದಿನಾಲ್ಕು ವರ್ಷ. ಅಷ್ಟು ಜನ ಶಿಷ್ಯರ ಎದುರು ಅಂಥ ಮನುಷ್ಯನಿಗೆ "ನೀವು ಬೀಳಬೇಕಂತೆ" ಎಂದು ಹೇಗೆ ಹೇಳುವುದು? ಅದು ಪೊಲೈಟ್ ಅಲ್ಲ ಅನ್ನಿಸಿತು.

"ಗುಡ್ ಲಕ್ ಹೇಳಿದ್ದಾರೆ ಮಾವ. ಚೆನ್ನಾಗಿ ಆಡಬೇಕಂತೆ."

"ಅಷ್ಟುದ್ದಕ್ಕೆ ಅಷ್ಟೇಯಾ? ಇಂಗ್ಲಿಷ್ನೋರ್ಗೆ ಮಾತು ಜಾಸ್ತಿ ಬುಡು" ಎಂದು ನಕ್ಕು ಎದ್ದರು.

ಆಮೇಲೆ ಒಬ್ಬರೇ ಸಿಕ್ಕಾಗ ಹೇಳೋಣ ಎಂದುಕೊಂಡಿದ್ದೆ. ಅವರು ಅಂದೇ ಗರಡಿ ಸೇರಿಬಿಟ್ಟರು. ಕುಸ್ತಿ ಮುಗಿಯುವವರೆಗೂ ಅಲ್ಲೇ ಊಟ, ಅಲ್ಲೇ ನಿದ್ದೆ, ಹೆಂಗಸರ ಮುಖ ನೋಡುವಂತಿಲ್ಲ. ಮೂರನೇ ದಿನ ಗರಡಿ ಬಾಗಿಲಿಗೆ ಹೋದೆ. ಮಣ್ಣಿಗೆ ಮಜ್ಜಿಗೆ ಚಿಮುಕಿಸುತ್ತಿದ್ದ ಮುದುಕರು ಕೈ ಅಡ್ಡ ಮಾಡಿದರು.

"ಎಣ್ಮಕ್ಳು ಇತ್ತಾಗ್ ಬರ್ಬಾರ್ದು ಕಣವ್ವಾ. ಅದೇನು, ನನ್ ತಾವ್ ಯೋಳು."

ಅವರಿಗೆ ಹೇಳಿದರೆ ಊರಿಗೇ ಹೇಳಿದಂತೆ. ಚೀಟಿ ಬರೆದರೆ ಮಾವನಿಗೆ ಓದು ಬಾರದು, ಇನ್ನೊಬ್ಬರೇ ಓದಬೇಕು. ಅಪ್ಪನಿಗೆ ಹೇಳಬಹುದಿತ್ತು. ಸುಳ್ಳು ಹೇಳಿದ ಮಗಳು ಅನ್ನಿಸಿಕೊಳ್ಳುವ ಧೈರ್ಯ ಬರಲಿಲ್ಲ. ಹೊಸ್ತಿಲಿನಿಂದ ಹಿಂದಿರುಗಿದೆ.

ಕುಸ್ತಿಯ ದಿನ ಹೆಂಗಸರ ಬೆಂಚಿನಲ್ಲಿ ಕೂತಿದ್ದೆ. ಮೊದಲ ರೌಂಡಿನಲ್ಲಿಯೇ ಯಳಂದೂರಿನವರು ನಗುನಗುತ್ತಾ ಬಂದು, ನಾಟಕಕ್ಕೆ ಕೊಟ್ಟಂತೆ ಬಲಗೈ ಸಡಿಲ ಬಿಟ್ಟು ಮುಂದೆ ಚಾಚಿದರು. ಮಾವ ಅದನ್ನು ನಿಜವಾಗಿ ಹಿಡಿದರು. ನಾನು ಎದ್ದು ನಿಂತು ಕೂಗಿದೆ, "ಮಾವ, ಬೇಡ!" ಅಷ್ಟು ಸಾವಿರ ಗಂಟಲುಗಳಲ್ಲಿ ನನ್ನದು ನನಗೇ ಕೇಳಲಿಲ್ಲ. ಸೊಂಟದ ಮೇಲಿಂದ ಎತ್ತಿ ಎಸೆದ ರಭಸಕ್ಕೆ ಯಳಂದೂರಿನವರ ಹೆಗಲು ಮುರಿಯಿತು.

ಅವರನ್ನು ತಂದು ಅಪ್ಪನ ಕ್ಲಿನಿಕ್ಕಿನ ಮೇಜಿನ ಮೇಲೆ ಮಲಗಿಸಿದರು. ನಾನು ಬಿಸಿನೀರು ಹಿಡಿದು ನಿಂತಿದ್ದೆ. ಮಾವ ಅವರ ಕಾಲ ಬಳಿ ಇದ್ದರು. ಮಲಗಿದ್ದಲ್ಲಿಂದಲೇ ಅವರು ಮಾವನನ್ನು ಕೇಳಿದರು.

"ಏನ್ಲಾ, ಮೂರ್ನೇ ರೌಂಡ್ಗೆ ನೀನ್ ಬೀಳ್ಬೇಕು ಅಂತ ಮಾತಾಗಿತ್ತಲ್ಲಾ… ನಮ್ ಮೇಷ್ಟ್ರು ಓದ್ ಯೋಳುದ್ರು. ನಿಂಗೆ ಕಾಗ್ದ ಬರ್ನಿಲ್ವಾ?"

ಮಾವ ತಲೆಯೆತ್ತಿ ನನ್ನನ್ನು ನೋಡಿದರು. ಒಂದೇ ಸಲ.

"ಬಂದಿತ್ತು ಕಣ್ಲಾ. ನಾನೇ ತಲೇಗ್ ಹಾಕೊಳ್ನಿಲ್ಲ."

"ಥೂ, ಮೋಸಗಾರ" ಎಂದು ಅವರು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡರು. ಇಲ್ಲ, ತಪ್ಪು ನನ್ನದು ಎನ್ನಬೇಕಿತ್ತು. ಅಪ್ಪ, "ನೀರು ಇಡಮ್ಮ" ಎಂದರು. ಇಟ್ಟು ಒಳಗೆ ಹೋದೆ.

ಉಳಿದದ್ದೆಲ್ಲ ಅಮ್ಮ ಹಾಸ್ಟೆಲಿಗೆ ಬರೆದ ಕಾಗದಗಳಲ್ಲಿ ತಿಳಿದದ್ದು. ಮಾವ ಮತ್ತೆ ಕುಸ್ತಿಗೆ ಇಳಿಯಲಿಲ್ಲ. ವಾರಕ್ಕೊಮ್ಮೆ ಕರ್ಪೂರದ ಎಣ್ಣೆ ಕಾಯಿಸಿಕೊಂಡು ಯಳಂದೂರಿನ ಬಸ್ಸು ಹತ್ತುತ್ತಿದ್ದರು. ಆ ಮನೆಯವರು ಬಾಗಿಲು ತೆಗೆಯುತ್ತಿರಲಿಲ್ಲ. ಸೀಸೆಯನ್ನು ಜಗಲಿಯ ಮೇಲಿಟ್ಟು ಬರುತ್ತಿದ್ದರು. ಒಂದು ವರ್ಷದ ಮೇಲೆ ಅಮ್ಮನಿಗೆ, "ಇವತ್ ಒಳಕ್ಕೆ ಕರುದ್ರು ಕಣ್ರವ್ವಾ, ತೋಳು ನೀವ್ಬುಟ್ಟು ಬಂದೆ" ಎಂದರಂತೆ. ಆ ತೋಳು ಮಾತ್ರ ಭುಜದಿಂದ ಮೇಲೆ ಏಳಲೇ ಇಲ್ಲ.

ರಜೆಗೆ ಹೋದಾಗಲೆಲ್ಲ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಅವರು ಅದೇ ನಗುವಿನಲ್ಲಿ "ಇಂಗ್ಲಿಷ್ ತಿಂದ್ಯೇನವ್ವಾ?" ಎನ್ನುವರು. ಮತ್ತೆಂದೂ ನನ್ನಿಂದ ಕಾಗದ ಓದಿಸಲಿಲ್ಲ… ನನಗೆ ಮದುವೆಯಾಯಿತು. ಅವರು ಹೋದ ಸುದ್ದಿಯೂ ಕಾಗದದಲ್ಲೇ ಬಂತು.

ಮೊನ್ನೆ ಆ ಹುಡುಗಿ ಎಣ್ಣೆ ಸವರಿ, ನನ್ನ ಬಲಗೈ ಹಿಡಿದು ಮೆಲ್ಲಗೆ ಎತ್ತತೊಡಗಿದಳು.

"ಯಾಕಾಂಟಿ ಇಷ್ಟು ಬಿಗಿ ಹಿಡಿದಿದ್ದೀರಾ? ನಾನಿದ್ದೀನಲ್ಲ, ನಂಬಿ. ಕೈ ಸಡಿಲ ಬಿಡಿ."

ಎಷ್ಟು ಹೇಳಿದರೂ ಬಿಡಲಾಗಲಿಲ್ಲ.